ಅಡಿಗೆಯ ಯಂತ್ರವೂ ಮನೆಯ ಲೆಕ್ಕವೂ

ಬೆಲೆ ಕೇಳಿ ಸಾಮಾನು ಕೊಳ್ಳುವುದು ಎಲ್ಲರೂ ಬಲ್ಲ ವ್ಯವಹಾರ. ಕೇಳಿದ ಬೆಲೆಗೆ ಆ ಸಾಮಾನು ತಕ್ಕುದೇ ಎಂದು ನಿರ್ಣಯಿಸುವುದು ಮಾತ್ರ ಹಲವೊಮ್ಮೆ ವ್ಯವಹಾರದ ಎಲ್ಲೆಯನ್ನು ದಾಟಿ ಧರ್ಮವಿಚಾರದ ಎಲ್ಲೆಯೊಳಕ್ಕೆ ಕಾಲಿಡುತ್ತದೆ. ಬಂಗಾರ ಭೂಮಿಗಳ ವಿಷಯದಲ್ಲಿ ಈ ತೊಡಕು ಅಷ್ಟಾಗಿ ಕಾಣಿಸದು. ಅಲ್ಲಿ ಪೇಟೆಯ ಧಾರಣೆಯೇ ಉತ್ತರ ಹೇಳಿಬಿಡುತ್ತದೆ. ಅಡಿಗೆಮನೆಗೆ ಬರುವ ವಸ್ತುವಿನ ಮಾತು ಹಾಗಲ್ಲ. ಅಲ್ಲಿ ಹಣ ಕೊಡುವವರು ಒಬ್ಬರು, ದುಡಿಯುವವರು ಇನ್ನೊಬ್ಬರು, ಉಣ್ಣುವವರು ಎಲ್ಲರು. ವಸ್ತುವಿನ ಪ್ರಯೋಜನವನ್ನು ಅಳೆಯುವವನ ಕೈಗೆ ಆ ಕೆಲಸದ ಬಿಸಿ ತಾಕಿರುವುದೇ ಇಲ್ಲ. ಇಂತಿರಲು ತೂಕದ ಕಲ್ಲು ಸರಿಯಾಗಿದೆಯೇ ಎಂಬುದನ್ನು ಮೊದಲು ನೋಡಿಕೊಂಡು ಆಮೇಲೆ ತಕ್ಕಡಿಗೆ ಕೈ ಹಾಕುವುದು ಉಚಿತ.

ಉದಾಹರಣೆಗಾಗಿ ಶಿವಮೊಗ್ಗೆಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರು ನಿವೃತ್ತ ಉಪಾಧ್ಯಾಯರು. ಅವರ ಪತ್ನಿಗೆ ಅರುವತ್ತಾರು ವರ್ಷ. ಹಿರಿಯ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಜೊತೆಯಲ್ಲಿದ್ದಾರೆ. ಸೊಸೆ ಬ್ಯಾಂಕಿನಲ್ಲಿ ಕೆಲಸಕ್ಕಿರುವಳು. ಬೆಳಗ್ಗೆ ಹೊರಟವಳು ದೀಪ ಹಚ್ಚುವ ಹೊತ್ತಿಗೆ ಹಿಂದಿರುಗುವಳು. ಆದಕಾರಣ ಎರಡು ಹೊತ್ತಿನ ಅಡಿಗೆಯ ಭಾರವೂ ಅತ್ತೆಯ ಮೇಲೆಯೇ ಬಿದ್ದಿದೆ. ಆಕೆಗೆ ಎರಡು ವರ್ಷಗಳಿಂದ ಮಣಿಕಟ್ಟಿನಲ್ಲಿ ನೋವು. ತೆಂಗಿನಕಾಯಿ ತುರಿಯುವಾಗ ನಡುನಡುವೆ ನಿಲ್ಲಿಸಿ ಕೈಯನ್ನು ನೀವಿಕೊಳ್ಳುವರು. ಕಿರಿಯ ಮಗ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಇಂಜಿನಿಯರು. ಅವನು ಒಂದು ಭಾನುವಾರ ದೂರವಾಣಿಯಲ್ಲಿ, “ಅಪ್ಪಯ್ಯ, ಇಲ್ಲಿ ಒಂದು ಯಂತ್ರ ಇದೆ. ಕೊಚ್ಚುವುದು, ರುಬ್ಬುವುದು, ಬೇಯಿಸುವುದು, ತಿರುವುವುದು ಎಲ್ಲವನ್ನೂ ಅದೇ ಮಾಡುತ್ತದೆ. ಅಮ್ಮನಿಗೆ ಒಂದು ತಂದುಕೊಡೋಣ. ಅರ್ಧ ನಾನು ಹಾಕುತ್ತೇನೆ, ಅರ್ಧ ನೀವೂ ಅಣ್ಣನೂ ಹಾಕಿ” ಎಂದನು. ಬೆಲೆ ಎಷ್ಟೆಂದು ಕೇಳಿದ ತಂದೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆ ಯಂತ್ರದ ಹೆಸರು ಥರ್ಮೊಮಿಕ್ಸ್. ಅದನ್ನು ಮಾಡುವ ಫೋರ್ವೆರ್ಕ್ ಎಂಬ ಮನೆತನದ ಸಂಸ್ಥೆ 1883ರಲ್ಲಿ, ಇಂದು ವುಪ್ಪರ್ಟಾಲ್ ನಗರಕ್ಕೆ ಸೇರಿರುವ ಬಾರ್ಮೆನ್ ಎಂಬಲ್ಲಿ ರತ್ನಗಂಬಳಿಗಳನ್ನು ನೇಯುವ ಕಾರ್ಖಾನೆಯಾಗಿ ಆರಂಭವಾದುದು. ಕಲಸುತ್ತ ಕಲಸುತ್ತಲೇ ಕಾಯಿಸುವ ಅವರ ಮೊದಲ ಯಂತ್ರ 1971ರಲ್ಲಿ ಹೊರಬಂದಿತು. ಫ್ರಾನ್ಸಿನ ಜನಕ್ಕೆ ತರಕಾರಿಯನ್ನು ಬೇಯಿಸಿ ನುಣ್ಣಗೆ ಅರೆದ ಗಟ್ಟಿ ಸಾರು ಪ್ರಿಯ. ಬೇಯಿಸುವುದಕ್ಕೊಂದು ಪಾತ್ರೆ ಅರೆಯುವುದಕ್ಕೊಂದು ಪಾತ್ರೆ ಏತಕ್ಕೆ, ಎರಡೂ ಒಂದರಲ್ಲಿಯೇ ಆಗಬಾರದೇ ಎಂಬ ಯೋಚನೆಯಿಂದ ಅದು ಹುಟ್ಟಿತಂತೆ. ಅಂದಿನಿಂದ ಮಾದರಿಗಳು ಬದಲಾಗುತ್ತ ಬಂದು 2025ರಲ್ಲಿ ಏಳನೆಯ ಅಂಕೆಯ ಮಾದರಿ ಬಂದಿದೆ. ತುಕ್ಕುಹಿಡಿಯದ ಉಕ್ಕಿನ 2.2 ಲೀಟರಿನ ಒಂದು ಪಾತ್ರೆ. ಅದರ ತಳದಲ್ಲಿ ತಿರುಗುವ ಅಲಗುಗಳು. ಅಲಗುಗಳ ಕೆಳಗೆ ಕಾವು. ಒಳಗೇ ಒಂದು ತೂಕದ ಯಂತ್ರ. ಮೇಲೆ ಹಬೆಯಲ್ಲಿ ಬೇಯಿಸುವುದಕ್ಕೊಂದು ತಟ್ಟೆ. ಮುಂದುಗಡೆ ಒಂದು ಪರದೆ. ಈಗ ಇಷ್ಟು ಗ್ರಾಂ ಈರುಳ್ಳಿ ಹಾಕಿ, ಈಗ ಮುಚ್ಚಳ ಹಾಕಿ, ಈಗ ಇಷ್ಟು ನಿಮಿಷ ಕಾಯಿರಿ ಎಂದು ಆ ಪರದೆ ಹೆಜ್ಜೆ ಹೆಜ್ಜೆಗೂ ಹೇಳಿಕೊಡುವುದು. ಹೇಳಿಕೊಡುವ ಈ ಪಾಕಶಾಸ್ತ್ರಕ್ಕೆ ವರ್ಷವರ್ಷವೂ ಚಂದಾ ಬೇರೆ. ಜರ್ಮನಿಯಲ್ಲಿ ಹೊಸ ಮಾದರಿ ಹೊರಬಂದಾಗ ಇಟ್ಟ ಬೆಲೆ 1,549 ಯೂರೋ. ನಮ್ಮ ನಾಣ್ಯದಲ್ಲಿ ಹೆಚ್ಚುಕಡಿಮೆ ಒಂದೂವರೆ ಲಕ್ಷ ರೂಪಾಯಿ.

ಒಂದೇ ಪಾತ್ರೆಯಲ್ಲಿ ಎಲ್ಲವೂ ಆಗಬೇಕೆಂಬ ಆಸೆ ಈ ಕಾಲದ್ದೇ ಎಂದು ತಿಳಿಯಬಾರದು. 1679ರಲ್ಲಿ ಡೆನಿ ಪಾಪಾನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಹಬೆಯ ಒತ್ತಡದಿಂದ ಬೇಯಿಸುವ ಪಾತ್ರೆಯೊಂದನ್ನು ರಚಿಸಿದನು. 1682ರ ಏಪ್ರಿಲಿನಲ್ಲಿ ಅದರಲ್ಲಿ ಬೆಂದ ಊಟವನ್ನು ರಾಯಲ್ ಸೊಸೈಟಿಯ ಸದಸ್ಯರಿಗೆ ಬಡಿಸಿದುದನ್ನೂ, ಗಟ್ಟಿ ಎಲುಬುಗಳು ಬೆಣ್ಣೆಗಟ್ಟಿಯಂತೆ ಮೆತ್ತಗಾಗಿದ್ದುದನ್ನೂ ಜಾನ್ ಎವೆಲಿನ್ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಎಸೆದುಬಿಡುವ ಎಲುಬಿನಿಂದಲೂ ಬಡವನಿಗೆ ಆಹಾರವಾಗಲೆಂಬುದು ಪಾಪಾನನ ಉದ್ದೇಶಗಳಲ್ಲೊಂದು. ಇಂದು ನಮ್ಮ ಮನೆಮನೆಯಲ್ಲಿ ಸಿಳ್ಳುಹಾಕುವ ಕುಕ್ಕರಿಗೆ ಮೂಲಪುರುಷ ಅದೇ ಪಾತ್ರೆ.

ಭರತಖಂಡದಲ್ಲಿಯೂ ಒಬ್ಬ ಮಹನೀಯರು ಈ ಹಾದಿಯಲ್ಲಿ ನಡೆದಿದ್ದಾರೆ. ಕಲ್ಕತ್ತೆಯ ಡಾಕ್ಟರ್ ಇಂದುಮಾಧವ ಮಲ್ಲಿಕರು 1910ರಲ್ಲಿ ಇಕ್ಮಿಕ್ ಕುಕ್ಕರ್ ಎಂಬುದನ್ನು ನಿರ್ಮಿಸಿದರು. ಪುರಿಯ ಜಗನ್ನಾಥನ ಪಾಕಶಾಲೆಯಲ್ಲಿ ಮಡಕೆಯ ಮೇಲೆ ಮಡಕೆಯಿಟ್ಟು ಬೇಯಿಸುವುದನ್ನು ನೋಡಿ ಅವರಿಗೆ ಈ ಯೋಚನೆ ಹೊಳೆಯಿತೆಂದು ಹೇಳುವರು. ಅದರ ರಚನೆ ಬಹು ಸರಳ. ಅಡಿಯಲ್ಲಿ ಇದ್ದಲಿನ ಒಲೆ, ಮೇಲೊಂದು ಉದ್ದನೆಯ ಕೊಳಗ, ಕೊಳಗದಲ್ಲಿ ನೀರು, ನೀರಿನ ಮೇಲೆ ಬುತ್ತಿಯ ಡಬ್ಬಿಗಳಂತೆ ಒಂದರ ಮೇಲೊಂದು ಜೋಡಿಸಿದ ಪಾತ್ರೆಗಳು. ಒಂದರಲ್ಲಿ ಅಕ್ಕಿ, ಒಂದರಲ್ಲಿ ಬೇಳೆ, ಮತ್ತೊಂದರಲ್ಲಿ ಪಲ್ಯ. ಇದ್ದಲು ಹೊತ್ತಿಸಿ ಬಾಗಿಲು ಹಾಕಿಕೊಂಡು ಹೋದವನು ತನ್ನ ಕೆಲಸ ಮುಗಿಸಿ ಬರುವ ವೇಳೆಗೆ ಕೆಂಡ ತಣಿದಿರುವುದು, ಅನ್ನ ಬೆಂದಿರುವುದು. ಹಬೆಯಲ್ಲಿ ಬೇಯುವ ಪದಾರ್ಥ ಸೀಯುವ ಭಯವಿಲ್ಲ. ಊರು ಬಿಟ್ಟು ಒಂಟಿಯಾಗಿ ಕೋಣೆಯಲ್ಲಿರುವ ಗುಮಾಸ್ತನಿಗಾಗಲಿ ವಿದ್ಯಾರ್ಥಿಗಾಗಲಿ ಇದಕ್ಕಿಂತ ದೊಡ್ಡ ಉಪಕಾರವೇನು?

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇಕ್ಮಿಕ್ ಕುಕ್ಕರು ರುಬ್ಬಲಿಲ್ಲ, ಕೊಚ್ಚಲಿಲ್ಲ, ತೂಗಲಿಲ್ಲ. ಅದು ತಪ್ಪಿಸಿದುದು ಒಂದೇ ಒಂದನ್ನು: ಒಲೆಯ ಮುಂದೆ ಮನುಷ್ಯನು ಕಾದು ನಿಲ್ಲುವುದನ್ನು. ಅಡಿಗೆಯ ಕೆಲಸವೆಂದು ಒಟ್ಟಾಗಿ ಹೇಳುವ ಮಾತಿನಲ್ಲಿ ಬೇರೆಬೇರೆ ಜಾತಿಯ ಶ್ರಮಗಳು ಅಡಗಿವೆ. ತುರಿಯುವುದು ರುಬ್ಬುವುದು ತೋಳಿನ ಶ್ರಮ. ಹಾಲು ಉಕ್ಕದಂತೆ, ತಳ ಹಿಡಿಯದಂತೆ ನೋಡಿಕೊಳ್ಳುವುದು ಗಮನದ ಶ್ರಮ. ಅದರಲ್ಲಿ ತೋಳಿಗೆ ಕೆಲಸ ಕಡಿಮೆ, ಆದರೆ ಮನುಷ್ಯನು ಕಂಬಕ್ಕೆ ಕಟ್ಟಿದಂತೆ ಇರಬೇಕು. ಇಂದು ಏನು ಅಡಿಗೆ, ನಿನ್ನೆಯ ಹುಳಿ ಉಳಿದಿದೆಯೇ, ಮಗುವಿಗೆ ಖಾರ ಆಗದು, ಯಜಮಾನರಿಗೆ ಸಕ್ಕರೆ ಆಗದು, ನಾಳೆ ಏಕಾದಶಿ ಎಂದು ದಿನವಿಡೀ ಲೆಕ್ಕ ಹಾಕುತ್ತಿರುವುದು ಮನಸ್ಸಿನ ಶ್ರಮ. ಈ ಮೂರನೆಯದನ್ನು ಶ್ರಮವೆಂದು ಎಣಿಸುವವರೇ ಅಪರೂಪ. ಇವೆಲ್ಲ ಮುಗಿದ ಮೇಲೆ ಪಾತ್ರೆ ತೊಳೆಯುವುದು, ಒಲೆ ಒರೆಸುವುದು.

ಹೊಸ ಯಂತ್ರ ಇವುಗಳಲ್ಲಿ ಯಾವುದನ್ನು ತೆಗೆಯುತ್ತದೆ? ತೋಳಿನ ಶ್ರಮವನ್ನು ತೆಗೆಯುವುದು ನಿಜ. ಆದರೆ ಅದರ ಬಹುಭಾಗವನ್ನು ನಮ್ಮ ಮನೆಗಳಲ್ಲಿ ಮಿಕ್ಸಿಯೂ ವಿದ್ಯುತ್ತಿನ ರುಬ್ಬುಗುಂಡೂ ಆಗಲೇ ತೆಗೆದಿವೆ. ಒಳ್ಳೆಯ ಮಿಕ್ಸಿ, ರುಬ್ಬುವ ಯಂತ್ರ, ಕುಕ್ಕರು, ತೂಕದ ಯಂತ್ರ ಇಷ್ಟನ್ನೂ ಕೂಡಿಸಿದರೂ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುವುವು. ಹೊಸತಾಗಿ ತೆಗೆಯುವುದು ಗಮನದ ಶ್ರಮವನ್ನು. ಪಾಯಸವಾಗಲಿ ಸಾರಾಗಲಿ ತಾನೇ ತಿರುವಿಕೊಂಡು, ಹೊತ್ತಾದೊಡನೆ ತಾನೇ ನಿಂತುಬಿಡುವ ಪಾತ್ರೆಯೆಂದರೆ ಸಾಮಾನ್ಯವಲ್ಲ. ಪರದೆಯ ಬೋಧನೆಯಿಂದ ಮನಸ್ಸಿನ ಶ್ರಮವೂ ಒಂದಂಶ ಇಳಿಯಬಹುದು, ಯುರೋಪಿನ ಊಟ ಉಣ್ಣುವವರಿಗೆ. ಏಕಾದಶಿಯ ಸಂಗತಿ ಅದಕ್ಕೆ ತಿಳಿಯದು.

ಮತ್ತೆ ನಮ್ಮ ಅಡಿಗೆಗೆ ಅದರ ಒಗ್ಗಿಕೆ ಎಷ್ಟು? 2014ರ ಮಾದರಿಯ ಕಾವು 120 ಡಿಗ್ರಿ ಸೆಂಟಿಗ್ರೇಡಿಗೆ ನಿಲ್ಲುತ್ತಿತ್ತು. 2019ರದು ಕೆಲವು ಪಾಕಗಳಲ್ಲಿ 160ರವರೆಗೆ ಏರುವಂತಾಯಿತು. ನೀರಿರುವವರೆಗೆ ಪದಾರ್ಥದ ಕಾವು 100ರ ಹತ್ತಿರವೇ ಇರುವುದರಿಂದ ಬೇಯಿಸುವ ಕೆಲಸಕ್ಕೆ ಇದು ಧಾರಾಳವಾಯಿತು. ಒಗ್ಗರಣೆಯ ಮಾತು ಬೇರೆ. ಎಣ್ಣೆ ಹೊಗೆಯಾಡುವ ಅಂಚಿಗೆ ಬಂದು ಸಾಸಿವೆ ಚಟಪಟನೆ ಸಿಡಿದು ಕರಿಬೇವು ಗರಿಗರಿಯಾಗಬೇಕಾದರೆ ಸೌಟೂ ಬೆಂಕಿಯೂ ಇನ್ನೂ ಬೇಕು. ದೋಸೆಗೆ ಕಾವಲಿ ಬೇಕು, ರೊಟ್ಟಿಗೆ ಹಂಚು ಬೇಕು, ಹಪ್ಪಳಕ್ಕೆ ಬಾಣಲೆ ಬೇಕು. 2.2 ಲೀಟರಿನ ಪಾತ್ರೆಯಲ್ಲಿ ಆರು ಮಂದಿಗೆ ಹುಳಿಯಾದರೆ ಅನ್ನಕ್ಕೆ ಸ್ಥಳವಿಲ್ಲ. ಸರ್ವವನ್ನೂ ಮಾಡುವುದೆಂದು ಬಂದ ಯಂತ್ರ ಒಲೆಯನ್ನು ಹೊರಗೆ ಕಳುಹಿಸದೆ ಅದರ ಪಕ್ಕದಲ್ಲಿ ತಾನೂ ಒಂದು ಮಣೆ ಹಾಕಿಕೊಂಡು ಕುಳಿತುಕೊಳ್ಳುವುದು.

ಶಿವಮೊಗ್ಗೆಯ ಉಪಾಧ್ಯಾಯರು ಗಣಿತ ಕಲಿಸಿದವರು. ಅವರು ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದರು. ಯಂತ್ರ ಹತ್ತು ವರ್ಷ ಬಾಳಿ ದಿನಕ್ಕೆ ಅರ್ಧ ಗಂಟೆ ಉಳಿಸಿತೆಂದು ಇಟ್ಟುಕೊಂಡರೆ ಒಟ್ಟು 1,825 ಗಂಟೆ. ಒಂದೂವರೆ ಲಕ್ಷವನ್ನು ಅದರಿಂದ ಭಾಗಿಸಿದರೆ ಗಂಟೆಗೆ 82 ರೂಪಾಯಿ. ಹೊಸತರಲ್ಲಿ ಉತ್ಸಾಹವಿದ್ದು ಬರಬರುತ್ತ ವಾರಕ್ಕೊಮ್ಮೆ ಮಾತ್ರ ಅದನ್ನು ಹೊರತೆಗೆಯುವಂತಾದರೆ ಉಳಿದುದು 260 ಗಂಟೆ. ಗಂಟೆಗೆ 577 ರೂಪಾಯಿ. ಚಂದಾ, ದುರಸ್ತಿ, ಬ್ಯಾಂಕಿನಲ್ಲಿಟ್ಟಿದ್ದರೆ ಬರುತ್ತಿದ್ದ ಬಡ್ಡಿ ಇವು ಬೇರೆ. ದುಬಾರಿಯೆಂದು ಅವರು ಹಾಳೆಯ ಕೆಳಗೆ ಗೆರೆ ಎಳೆದರು.

ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ದುಬಾರಿ ಎಂಬ ಮಾತು ಲೆಕ್ಕದಿಂದ ಬಂದುದಲ್ಲ. ಗಂಟೆಗೆ 82 ರೂಪಾಯಿ ಯಾವುದಕ್ಕೆ ಹೋಲಿಸಿ ದುಬಾರಿ? ಆ ಹೋಲಿಕೆಯ ಇನ್ನೊಂದು ತಟ್ಟೆಯಲ್ಲಿ ಇರಬೇಕಾದುದು ಮನೆಯಾಕೆಯ ಒಂದು ಗಂಟೆಯ ಬೆಲೆ. ಉಪಾಧ್ಯಾಯರ ಖರ್ಚುವೆಚ್ಚದ ಪುಸ್ತಕದಲ್ಲಿ ನಲವತ್ತು ವರ್ಷಗಳಿಂದ ಹಾಲಿನವನಿಗೆ ಇಷ್ಟು, ಅಗಸನಿಗೆ ಇಷ್ಟು, ಪಾತ್ರೆ ತೊಳೆಯುವಾಕೆಗೆ ಇಷ್ಟು ಎಂದು ಅಚ್ಚುಕಟ್ಟಾಗಿ ಬರೆದಿದೆ. ಅಡಿಗೆಗೆ ಇಷ್ಟು ಎಂಬ ಸಾಲು ಅದರಲ್ಲಿಲ್ಲ. ಸೊನ್ನೆಯೆಂದು ಬರೆದವರಿಲ್ಲದಿದ್ದರೂ ಅಲ್ಲಿರುವುದು ಸೊನ್ನೆಯೇ. ಸೊನ್ನೆಯ ಎದುರಿಗೆ 82 ಮಾತ್ರವಲ್ಲ, ಎರಡು ರೂಪಾಯಿಯೂ ದುಬಾರಿ. ಅದೇ ಉಪಾಧ್ಯಾಯರು ಪೇಟೆಗೂ ವಾಚನಾಲಯಕ್ಕೂ ಹೋಗಿಬರಲು ಎಂಬತ್ತೈದು ಸಾವಿರ ರೂಪಾಯಿ ಕೊಟ್ಟು ಸ್ಕೂಟರು ಕೊಂಡಾಗ, ಉಳಿಯುವ ನಿಮಿಷಗಳಿಂದ ಬೆಲೆಯನ್ನು ಭಾಗಿಸಿ ನೋಡಿರಲಿಲ್ಲ. ಕಾಲು ನೋಯುತ್ತದೆ ಎಂಬುದೇ ಸಾಕಾಗಿತ್ತು, ಸಾಕಾಗಬೇಕಾದುದೇ. ಮಣಿಕಟ್ಟಿನ ನೋವಿಗೆ ಮಾತ್ರ ಭಾಗಾಕಾರ ಬೇಕಾಯಿತು.

ಭಾರತ ಸರ್ಕಾರದ ಅಂಕಿಅಂಶದ ಇಲಾಖೆ 2019ರಲ್ಲಿಯೂ 2024ರಲ್ಲಿಯೂ ಜನರು ದಿನದ ಹೊತ್ತನ್ನು ಹೇಗೆ ಕಳೆಯುವರೆಂಬುದನ್ನು ದೇಶಾದ್ಯಂತ ವಿಚಾರಿಸಿತು. ಮನೆಗೆಲಸದಲ್ಲಿ ಕೈಹಾಕುವವರನ್ನಷ್ಟೇ ಎಣಿಸಿದರೆ, 2019ರಲ್ಲಿ ಹೆಂಗಸರು ಕೂಲಿಯಿಲ್ಲದ ಈ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷವನ್ನೂ ಗಂಡಸರು 97 ನಿಮಿಷವನ್ನೂ ಕೊಡುತ್ತಿದ್ದರು. 2024ರಲ್ಲಿ ಅದು 289, 88 ಎಂದಾಯಿತು. ಐದು ವರ್ಷಗಳಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು. ಗಂಡಸರು ಒಂಬತ್ತು ನಿಮಿಷ ಉಳಿಸಿಕೊಂಡರು.

ಯಂತ್ರಗಳು ಹೆಚ್ಚಿದಂತೆ ಗೃಹಿಣಿಯ ಹೊತ್ತು ತಾನಾಗಿ ಉಳಿಯುವುದೆಂಬ ನಂಬಿಕೆಯನ್ನು ಅಮೆರಿಕದ ಚರಿತ್ರಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಪ್ರಕಟಿಸಿದ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಗ್ರಂಥದಲ್ಲಿ ಕೂಲಂಕಷವಾಗಿ ಪರೀಕ್ಷಿಸಿದ್ದಾರೆ. ಹಿಂದೆ ತೆರೆದ ಒಲೆಯ ಮೇಲೆ ಒಂದೇ ಪಾತ್ರೆಯ ಗಂಜಿ ಬೇಯುತ್ತಿದ್ದಾಗ ಸೌದೆ ಸೀಳುವುದೂ ಜೋಳ ಬೀಸುವುದೂ ಗಂಡಸರ ಹಾಗೂ ಮಕ್ಕಳ ಪಾಲಿನ ಕೆಲಸ. ಕಬ್ಬಿಣದ ಒಲೆ ಬಂದು ಸೌದೆ ಕಡಿಮೆ ಸಾಕಾಯಿತು. ಗಿರಣಿಯ ನಯವಾದ ಹಿಟ್ಟು ಬಂದು ಬೀಸುವುದು ತಪ್ಪಿತು. ಉಳಿದುದು ಯಾರ ಹೊತ್ತು? ಗಂಡಸಿನದು. ಒಲೆಯ ಮೇಲೆ ಈಗ ಒಂದರ ಬದಲು ಮೂರು ಪಾತ್ರೆ ಇಡಬಹುದಾದುದರಿಂದ ಮೂರು ಬಗೆಯ ಅಡಿಗೆ ರೂಢಿಯಾಯಿತು. ನಯವಾದ ಹಿಟ್ಟಿನಿಂದ ಮೊಟ್ಟೆ ಕಡೆದು ಕೇಕು ಮಾಡುವುದು ಗೌರವದ ಗುರುತಾಯಿತು. ಇದೆಲ್ಲ ಹೆಂಗಸಿನ ಹೆಗಲಿಗೆ ಬಂತು. ನಮ್ಮಲ್ಲಿಯೂ ಇದಕ್ಕೆ ನಿದರ್ಶನವಿಲ್ಲದಿಲ್ಲ. ಒರಳಿನಲ್ಲಿ ರುಬ್ಬುತ್ತಿದ್ದ ಕಾಲದಲ್ಲಿ ಅನೇಕ ಮನೆಗಳಲ್ಲಿ ದೋಸೆ ಎಂದರೆ ಹಬ್ಬದ, ನಂಟರು ಬಂದ ದಿನದ ತಿಂಡಿ. ವಿದ್ಯುತ್ತಿನ ರುಬ್ಬುಗುಂಡು ಬಂದ ಮೇಲೆ ಅದು ವಾರದ ತಿಂಡಿಯಾಗಿ, ಈಗ ಮಕ್ಕಳು ಉಪ್ಪಿಟ್ಟೆಂದರೆ ಮುಖ ತಿರುಗಿಸುವರು. ಕಲ್ಲು ತಿರುವುವ ಶ್ರಮ ಹೋಯಿತು. ಕಾವಲಿಯ ಮುಂದೆ ಒಂದೊಂದಾಗಿ ಎಲ್ಲರಿಗೂ ಹಾಕಿಕೊಟ್ಟು ಕೊನೆಯಲ್ಲಿ ತಾನು ತಣ್ಣಗಾದುದನ್ನು ತಿನ್ನುವ ಶ್ರಮ ಬಂತು. ಉಳಿಸಿದ ಹೊತ್ತನ್ನು ಯಾರು ತೆಗೆದುಕೊಳ್ಳಬೇಕೆಂಬುದನ್ನು ಯಂತ್ರವು ನಿರ್ಣಯಿಸಲಾರದು. ಅದನ್ನು ನಿರ್ಣಯಿಸುವುದು ಮನೆಯವರ ನಾಲಗೆ.

ಇಲ್ಲಿ ಕೆಲವರು ಬೇರೊಂದು ಆಕ್ಷೇಪವನ್ನು ತರುವರು. ಕೈಯಳತೆ, ಕಣ್ಣಂದಾಜು, ಹದ ಎಂಬ ವಿದ್ಯೆಗಳು ತಲೆಮಾರುಗಳಿಂದ ಬಂದವು; ಗ್ರಾಮು ನಿಮಿಷಗಳ ಯಂತ್ರಕ್ಕೆ ಅಡಿಗೆಯನ್ನು ಒಪ್ಪಿಸಿದರೆ ಆ ವಿದ್ಯೆ ಅಳಿಯದೇ ಎಂಬುದು ಅವರ ವ್ಯಥೆ. ಈ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಬೆಲ್ಲದ ಪಾಕ ಎಳೆಯಾಗುವ ಕ್ಷಣವನ್ನು ಪರದೆಯಿಂದ ಕಲಿತವನಿಗೂ ಬೆರಳಿನಿಂದ ಕಲಿತವನಿಗೂ ವ್ಯತ್ಯಾಸವುಂಟು. ಆದರೆ ಒಂದು ಸಂಗತಿ ವಿಚಿತ್ರ. ಒರಳುಕಲ್ಲಿನ ಚಟ್ನಿಯ ರುಚಿಯನ್ನು ನೆನೆದು ನಿಟ್ಟುಸಿರುಬಿಡುವವರಲ್ಲಿ ಒರಳಿನ ಗುಂಡನ್ನು ತಿರುವಿದವರು ಎಷ್ಟು ಮಂದಿ? ತಿರುವಿದವರನ್ನು ಕೇಳಿದರೆ, ರುಚಿಯಿತ್ತು ನಿಜ, ಹೋದದ್ದೇ ಒಳ್ಳೆಯದಾಯಿತು ಎನ್ನುವರು. ವಿದ್ಯೆಯನ್ನು ಉಳಿಸುವ ಹೊಣೆಯನ್ನು ಇನ್ನೊಬ್ಬರ ಮಣಿಕಟ್ಟಿನ ಮೇಲೆ ಹೊರಿಸಿ ತಾನು ಎಲೆಯ ಮುಂದೆ ಕುಳಿತು ಅದನ್ನು ಹೊಗಳುವುದು ಸಂಸ್ಕೃತಿರಕ್ಷಣೆಯೆನಿಸಲಾರದು. ಹದದ ವಿದ್ಯೆ ಅಷ್ಟು ಅಮೂಲ್ಯವಾದರೆ ಮನೆಯ ಗಂಡುಮಕ್ಕಳೂ ಅದನ್ನು ಕಲಿಯಲು ಅಡ್ಡಿಯೇನಿದೆ?

ಇನ್ನೊಂದು ಪಕ್ಷ ಇದಕ್ಕಿಂತ ಬಲವಾದುದು. ಒಂದೂವರೆ ಲಕ್ಷವನ್ನು ಒಂದು ಪಾತ್ರೆಗೆ ಕೊಡುವ ಬದಲು ದಿನಕ್ಕೆ ಒಂದೆರಡು ಗಂಟೆ ಬಂದು ಸಹಾಯಮಾಡುವ ಒಬ್ಬಾಕೆಗೆ ಸಂಬಳವಾಗಿ ಕೊಟ್ಟರೆ, ಈ ಮನೆಯ ಕೈಗೂ ಬಿಡುವು, ಆ ಮನೆಯ ಒಲೆಗೂ ಬೆಂಕಿ. ತಿಂಗಳಿಗೆ ಐದು ಸಾವಿರದಂತೆ ಎರಡೂವರೆ ವರ್ಷ ನಡೆಯುವುದು. ಯಂತ್ರಕ್ಕೆ ಮಕ್ಕಳ ಶಾಲೆಯ ಶುಲ್ಕ ಕಟ್ಟಬೇಕಾಗಿಲ್ಲ, ಆಕೆಗೆ ಇದೆ. ಎರಡೂವರೆ ವರ್ಷದ ಮೇಲೆ ಏನು ಎಂಬ ಪ್ರಶ್ನೆ ಏಳುವುದು ಸಹಜ. ಮಡಿ ಮೈಲಿಗೆಯ ಹೆಸರಿನಲ್ಲಿ ಒಳಗೆ ಬಿಡಲು ಹಿಂಜರಿಯುವ ಮನೆಗಳೂ ಇನ್ನೂ ಇಲ್ಲದಿಲ್ಲ. ಜರ್ಮನಿಯ ಯಂತ್ರಕ್ಕೆ ಮಡಿಯಲ್ಲಿ ಪ್ರವೇಶವುಂಟು, ಪಕ್ಕದ ಬೀದಿಯ ಹೆಂಗಸಿಗೆ ಇಲ್ಲ ಎಂಬುದಾದರೆ, ಆ ಮನೆಯಲ್ಲಿ ಯಂತ್ರದ ಬೆಲೆಗಿಂತ ಮೊದಲು ವಿಚಾರಿಸಬೇಕಾದ ವಿಷಯ ಬೇರೆಯೇ ಇದೆ.

ಮಾರಾಟದ ಕ್ರಮವನ್ನೂ ಒಂದಿಷ್ಟು ನೋಡಬೇಕು. ಈ ಯಂತ್ರವನ್ನು ಬಹುಕಾಲದಿಂದ ಮನೆಗಳಲ್ಲಿಯೇ ಮಾರುತ್ತ ಬಂದಿದ್ದಾರೆ. ಗೃಹಿಣಿಯೊಬ್ಬಳು ಸ್ನೇಹಿತರನ್ನು ಕರೆಯುವಳು; ಪ್ರತಿನಿಧಿ ಯಂತ್ರದೊಂದಿಗೆ ಬಂದು ಅವರೆದುರಿಗೆ ಅಡಿಗೆ ಮಾಡಿ ಬಡಿಸುವಳು; ಉಂಡ ಮೇಲೆ ಬೆಲೆಯ ಮಾತು. ಇದರಲ್ಲಿ ವಂಚನೆಯೇನೂ ಇಲ್ಲ; ಕಣ್ಣಾರೆ ನೋಡಿ ಕೊಳ್ಳುವುದು ಕೇಳಿ ಕೊಳ್ಳುವುದಕ್ಕಿಂತ ಮೇಲು. ಆದರೆ ಉಪ್ಪಿನ ಋಣವೆಂಬುದು ನಮ್ಮವರಿಗೆ ಮಾತ್ರ ಗೊತ್ತಿರುವ ವಿಷಯವಲ್ಲ. ಒಬ್ಬರ ಮನೆಯಲ್ಲಿ ಕುಳಿತು ಅವರು ಕೊಟ್ಟ ಸಾರನ್ನು ಕುಡಿದು, ಅವರ ಮುಖವನ್ನೇ ನೋಡುತ್ತ, ನನಗೆ ಬೇಡ ಎನ್ನುವುದು ಯಾವ ದೇಶದಲ್ಲಿಯೂ ಸುಲಭವಲ್ಲ. ಕೊಂಡ ಮೇಲೆ ಇನ್ನೊಂದು ಬಗೆಯ ಋಣ ಹತ್ತಿಕೊಳ್ಳುವುದು, ಅದು ತನ್ನ ಹಣಕ್ಕೆ ತಾನು ತೀರಿಸಬೇಕಾದುದು. ಇಷ್ಟು ಕೊಟ್ಟಿದ್ದೇವೆ, ಬಳಸದಿದ್ದರೆ ಹೇಗೆ ಎಂದು, ಸಣ್ಣ ಒರಳಿನಲ್ಲಿ ಎರಡು ಗಳಿಗೆಗೆ ಕುಟ್ಟಬಹುದಾದ ಏಲಕ್ಕಿಗೂ ದೊಡ್ಡ ಯಂತ್ರವನ್ನು ತಿರುಗಿಸಿ ಆಮೇಲೆ ಅದರ ಅಲಗುಗಳ ಸಂದಿಯನ್ನು ತೊಳೆಯುತ್ತ ನಿಲ್ಲುವುದು. ಬೇಸರವಾದರೂ ಬೇಸರವೆಂದು ಬಾಯಿಬಿಟ್ಟು ಹೇಳುವಂತಿಲ್ಲ. ಮಗ ಪ್ರೀತಿಯಿಂದ ಕೊಟ್ಟದ್ದು. ಕೊಡುಗೆಯೆಂಬುದು ಪಡೆದವರಿಗೆ ಕೆಲಸವಾಗುವುದು ಹೀಗೆ.

ಶಿವಮೊಗ್ಗೆಯ ಮನೆಯಲ್ಲಿ ಮಾತುಕತೆ ಮೂರು ಭಾನುವಾರ ನಡೆಯಿತು. ತಂದೆಯವರು ಹಾಳೆಯ ಲೆಕ್ಕವನ್ನು ಓದಿ ಹೇಳಿದರು. ಹಿರಿಯ ಮಗ ಯಂತ್ರದ ಗುಣದೋಷಗಳನ್ನು ವಿಚಾರಿಸಿ ತಿಳಿದುಕೊಂಡು ಬಂದನು. ಕಿರಿಯವನು ವಿನಿಮಯದ ದರ ಇಳಿದಾಗ ಕೊಳ್ಳೋಣವೆಂದನು. ಇಷ್ಟೆಲ್ಲ ಆಗುವವರೆಗೆ ಆ ಯಂತ್ರ ಯಾರ ಕೈಗೆ ಬರಬೇಕಾಗಿದ್ದಿತೋ ಆಕೆಯನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ತೋರಲಿಲ್ಲ, ಕೇಳಿದವಳು ಸೊಸೆ. “ಅತ್ತೆ, ನಿಮಗೆ ಬೇಕಾ ಅದು?”

ಅತ್ತೆ ಅವರೆಕಾಳು ಹಿಚುಕುತ್ತಿದ್ದವರು ತಟ್ಟೆಯನ್ನು ಪಕ್ಕಕ್ಕಿಟ್ಟರು. ತುರಿಯುವುದಕ್ಕೆ ಕೈ ಆಗುವುದಿಲ್ಲ, ಆ ಯಂತ್ರ ತೆಂಗಿನಕಾಯಿಯನ್ನು ಕರಟದಿಂದ ಬಿಡಿಸುತ್ತದೆಯೇ ಎಂದು ಕೇಳಿದರು. ಬಿಡಿಸುವುದಿಲ್ಲ, ಬಿಡಿಸಿ ಕೊಟ್ಟರೆ ಪುಡಿಮಾಡುತ್ತದೆ ಎಂದು ದೂರವಾಣಿಯಲ್ಲಿ ಉತ್ತರ ಬಂತು. ಆರು ಮಂದಿಗೆ ಇಡ್ಲಿಯ ಹಿಟ್ಟು ಒಂದೇ ಸಲಕ್ಕೆ ಆಗುತ್ತದೆಯೇ ಎಂದರು. ಎರಡು ಮೂರು ಸಲ ಹಾಕಬೇಕಾಗಬಹುದು, ಅಮ್ಮ ಎಂದು ಮಗ ಹೇಳಿದನು. ಆಕೆ ಸ್ವಲ್ಪ ಯೋಚಿಸಿ ಗಂಡನ ಕಡೆ ತಿರುಗಿ, “ಸಂಜೆಯ ಹೊತ್ತು ನನಗೆ ಒಲೆಯ ಮುಂದೆ ನಿಲ್ಲುವುದಕ್ಕೆ ಆಗುವುದಿಲ್ಲ, ರೀ. ಆ ಯಂತ್ರದ ಪರದೆಯಲ್ಲಿ ಓದಿ ಓದಿ ಮಾಡಬೇಕಂತಲ್ಲ; ನೀವು ಓದಿದವರು. ರಾತ್ರಿಯ ಅಡಿಗೆಯನ್ನು ನೀವು ಮಾಡುವುದಾದರೆ ಅದು ಬರಲಿ. ನಾನೇ ಮಾಡಬೇಕಾದರೆ ನನಗೆ ಇರುವ ಮಿಕ್ಸಿಯೇ ಸಾಕು” ಎಂದರು.

ಉಪಾಧ್ಯಾಯರು ಉತ್ತರ ಕೊಡಲಿಲ್ಲ. ಮಾರನೆಯ ಸಂಜೆ ವಾಚನಾಲಯಕ್ಕೆ ಹೋಗದೆ ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಸಾರಿಗೆ ಬೇಳೆ ಎಷ್ಟು ನೀರು ಎಷ್ಟು ಎಂದು ವಿಚಾರಿಸಿ, ಯಂತ್ರದ ಲೆಕ್ಕ ಬರೆದಿದ್ದ ಹಾಳೆಯ ಬೆನ್ನಿಗೆ ಬರೆದುಕೊಂಡರು. ತೆಂಗಿನಕಾಯಿಯನ್ನು ಮಾತ್ರ ಅಂದಿನಿಂದ ಅವರೇ ತುರಿಯುತ್ತಿದ್ದಾರೆ. ಸ್ಟುಟ್‌ಗಾರ್ಟಿಗೆ ಇನ್ನೂ ಏನನ್ನೂ ತಿಳಿಸಿಲ್ಲ.